ನಲವತ್ತರ ಗುಂಡು, ಸಾಕೆನ್ನುವ ಅಳತೆ

ಅಮೆರಿಕದ ಪಿಸ್ತೂಲು ಮಾಲೀಕರಲ್ಲಿ ಮೂರು ದಶಕ ಕಳೆದರೂ ಮುಗಿಯದ ಒಂದು ಜಗಳವಿದೆ. ಅದು .40 ಎಸ್ ಅಂಡ್ ಡಬ್ಲ್ಯು ಎಂಬ ಕಾಡತೂಸಿನದು. ಈ ಗುಂಡಿನ ಅಡ್ಡಳತೆ ಇಂಚಿನ ನೂರು ಪಾಲಿನಲ್ಲಿ ನಲವತ್ತು, ಅಂದರೆ 10 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಇದಕ್ಕಿಂತ ಚಿಕ್ಕದು 9 ಮಿ.ಮೀ., ದೊಡ್ಡದು .45. ತೂಕದಲ್ಲೂ ಇದು ನಡುವಿನದೇ: ಸಾಮಾನ್ಯವಾಗಿ ಬಳಕೆಯಾಗುವ 9 ಮಿ.ಮೀ. ಗುಂಡು ಸುಮಾರು 8 ಗ್ರಾಂ, .40ರದು ಹತ್ತಿರ ಹತ್ತಿರ 12, .45ರದು 15. ಹಗುರವಾದದ್ದು ವೇಗವಾಗಿ ಹೋಗುತ್ತದೆ, ಭಾರವಾದದ್ದು ನಿಧಾನವಾಗಿ. ಲೆಕ್ಕ ಹಾಕಿದರೆ ಮೂರೂ ನಳಿಗೆಯಿಂದ ಹೊರಬೀಳುವಾಗ ಹೊತ್ತೊಯ್ಯುವ ಶಕ್ತಿ ಹೆಚ್ಚೂಕಡಿಮೆ 500 ಜೂಲ್‌ಗಳ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಷ್ಟು ಕಿರಿದಾದ ಅಂತರಕ್ಕೆ ಇಷ್ಟು ದೊಡ್ಡ ವಾದ ಏಕೆ ಎಂದು ಕೇಳಿದರೆ ಉತ್ತರ ಸಿಗುವುದು ನೀತಿಶಾಸ್ತ್ರದಲ್ಲಿ. ಮೈಮೇಲೆ ಬಂದವನನ್ನು ತಡೆಯಲು ಎಷ್ಟು ಬಲ ಸಾಕು? ಆ ‘ಸಾಕು’ ಎಂಬುದನ್ನು ಯಾರು, ಯಾವಾಗ ಗೊತ್ತುಮಾಡಬೇಕು?

ಕಾಡತೂಸು ಹುಟ್ಟಿದ್ದೇ ಈ ಪ್ರಶ್ನೆಯಿಂದ. 1986ರ ಏಪ್ರಿಲ್ 11ರಂದು ಮಿಯಾಮಿ ಬಳಿ ಎಫ್‌ಬಿಐಯ ಎಂಟು ಮಂದಿ ಇಬ್ಬರು ಬ್ಯಾಂಕ್ ದರೋಡೆಕೋರರ ಕಾರನ್ನು ಅಡ್ಡಗಟ್ಟಿದರು. ಐದು ನಿಮಿಷವೂ ಹಿಡಿಯದ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ದರೋಡೆಕೋರರಲ್ಲಿ ಒಬ್ಬನಿಗೆ ತಗುಲಿದ 9 ಮಿ.ಮೀ. ಗುಂಡು ತೋಳನ್ನು ತೂರಿ ಎದೆಗೂಡು ಹೊಕ್ಕು, ಹೃದಯಕ್ಕೆ ಸ್ವಲ್ಪ ದೂರದಲ್ಲಿ ನಿಂತುಬಿಟ್ಟಿತ್ತು. ಆಮೇಲೂ ಆತ ರೈಫಲ್ ಹಿಡಿದು ಕಾದಾಡುತ್ತಲೇ ಇದ್ದ. ಕಾರ್ಯಾಚರಣೆಯ ಯೋಜನೆಯಲ್ಲಿ ಲೋಪವಿರಲಿಲ್ಲವೇ, ರೈಫಲ್ ಎದುರು ಕೈಪಿಸ್ತೂಲು ಹಿಡಿದು ನಿಂತದ್ದೇ ತಪ್ಪಲ್ಲವೇ ಎಂಬ ಮಾತುಗಳೂ ಕೇಳಿಬಂದವು. ಆದರೆ ಅಪರಾಧ ಹೊರಿಸಲು ಗುಂಡು ಸುಲಭಕ್ಕೆ ಸಿಕ್ಕಿತು. ಸಂಸ್ಥೆ 10 ಮಿ.ಮೀ. ಎಂಬ ಬಲವಾದ ಕಾಡತೂಸಿನತ್ತ ಹೊರಳಿತು. ಅದರ ಒದೆತ ಹಲವರ ಕೈಗೆ ಜಾಸ್ತಿಯಾದಾಗ ಮದ್ದು ಕಡಿಮೆ ಮಾಡಿ ಬಳಸಿತು. ಮದ್ದು ಕಡಿಮೆಯಾದ ಮೇಲೆ ಕಾಡತೂಸಿಗೆ ಅಷ್ಟುದ್ದದ ಕೊಳವೆ ಏಕೆ ಬೇಕು? ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ಅದನ್ನು ಮೂರೂವರೆ ಮಿಲಿಮೀಟರಿನಷ್ಟು ಗಿಡ್ಡಗೊಳಿಸಿ 1990ರ ಜನವರಿಯಲ್ಲಿ .40 ಅನ್ನು ಹೊರತಂದವು. 9 ಮಿ.ಮೀ. ಪಿಸ್ತೂಲಿನ ಮೈಕಟ್ಟಿನಲ್ಲೇ ಹಿಡಿಸುವ, ಆದರೆ ಅದಕ್ಕಿಂತ ದಪ್ಪಗಿನ ಗುಂಡು. ಕೆಲವೇ ವರ್ಷಗಳಲ್ಲಿ ಅಮೆರಿಕದ ಪೊಲೀಸರ ಸೊಂಟದಲ್ಲಿ ಇದೇ ಹೆಚ್ಚಾಯಿತು, 1997ರಲ್ಲಿ ಎಫ್‌ಬಿಐಯೂ .40 ಗ್ಲಾಕ್ ಪಿಸ್ತೂಲನ್ನು ಸ್ವೀಕರಿಸಿತು.

ಮಾಲೀಕರ ಅಭಿಪ್ರಾಯಗಳು ಸ್ಥೂಲವಾಗಿ ಮೂರು ಕಡೆ ವಾಲುತ್ತವೆ. .40ರ ಪರ ಇರುವವರಿಗೆ ಅದು ಎರಡೂ ಕೈಯಲ್ಲಿ ಲಾಡು: ದಪ್ಪ ಗುಂಡೂ ಸಿಕ್ಕಿತು, ಮ್ಯಾಗಝೀನಿನಲ್ಲಿ ಸಾಕಷ್ಟು ಸಂಖ್ಯೆಯೂ ಉಳಿಯಿತು. ಒಂದೇ ಗಾತ್ರದ ಗ್ಲಾಕ್ ಪಿಸ್ತೂಲಿನಲ್ಲಿ 9 ಮಿ.ಮೀ. 17 ಹಿಡಿದರೆ .40 ಗುಂಡು 15 ಹಿಡಿಯುತ್ತದೆ; ಹಳೆಯ 1911 ಮಾದರಿಯ .45 ಪಿಸ್ತೂಲಿನಲ್ಲಿ ಏಳೇ. 9 ಮಿ.ಮೀ. ಪಕ್ಷದವರು ಒದೆತವನ್ನು ದೂರುತ್ತಾರೆ. .40 ಕೈಯನ್ನು ಚುರುಕಾಗಿ ಮೇಲಕ್ಕೆಸೆಯುತ್ತದೆ, ಎರಡನೆಯ ಗುಂಡಿಗೆ ಗುರಿ ಮತ್ತೆ ಕೂಡಿಸುವುದು ತಡವಾಗುತ್ತದೆ, ಪಿಸ್ತೂಲು ಬೇಗ ಸವೆಯುತ್ತದೆ, ಅಭ್ಯಾಸದ ಕಾಡತೂಸಿಗೆ ಕಾಸೂ ಹೆಚ್ಚು ಎಂಬುದು ಅವರ ತಕರಾರು. .45ರ ಭಕ್ತರು ಇಬ್ಬರನ್ನೂ ಗಣಿಸುವುದಿಲ್ಲ. ಎಸ್ ಅಂಡ್ ಡಬ್ಲ್ಯು ಎಂಬ ಅಕ್ಷರಗಳನ್ನು ‘ಶಾರ್ಟ್ ಅಂಡ್ ವೀಕ್’ ಎಂದು ಬಿಡಿಸಿ, ಗಿಡ್ಡ ಮತ್ತು ಬಡಕಲು ಎಂದು ನಗುವುದು ಆ ವಲಯದ ಹಳೆಯ ಹಾಸ್ಯ. ಈ ವಾದಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದ ‘ಸ್ಟಾಪಿಂಗ್ ಪವರ್’, ತಡೆದು ನಿಲ್ಲಿಸುವ ಶಕ್ತಿ.

ಆ ಶಬ್ದದಲ್ಲಿ ಒಂದು ನೈತಿಕ ವಾದ ಅಡಗಿದೆ. ‘ಕೊಲ್ಲುವ ಶಕ್ತಿ’ ಎಂದು ಯಾರೂ ಹೇಳುವುದಿಲ್ಲ. ಆತ್ಮರಕ್ಷಣೆಯ ತರಬೇತಿಯಲ್ಲೂ ಪೊಲೀಸರ ಪಾಠದಲ್ಲೂ ಗುಂಡು ಹಾರಿಸುವುದು ದಾಳಿಯನ್ನು ನಿಲ್ಲಿಸಲು, ಪ್ರಾಣ ತೆಗೆಯಲು ಅಲ್ಲ ಎಂದೇ ಕಲಿಸುತ್ತಾರೆ. ಕಲಿಸುವವರಿಗೆ ತಿಳಿದಿರಲಿ ಬಿಡಲಿ, ಇದು 13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸನ ತರ್ಕ. ತನ್ನ ಜೀವ ಉಳಿಸಿಕೊಳ್ಳಲು ಖಾಸಗಿ ವ್ಯಕ್ತಿ ಇನ್ನೊಬ್ಬನನ್ನು ಕೊಲ್ಲಬಾರದೆಂಬುದು ಅವನಿಗಿಂತ ಹಿಂದಿನ ಅಗಸ್ಟೀನನ ನಿಲುವಾಗಿತ್ತು. ಅಕ್ವಿನಾಸ್ ‘ಸುಮ್ಮಾ ಥಿಯಲಾಜಿಯೇ’ ಗ್ರಂಥದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡ. ಒಂದೇ ಕೆಲಸಕ್ಕೆ ಎರಡು ಫಲ ಇರಬಹುದು: ಒಂದು ಉದ್ದೇಶಿಸಿದ್ದು, ಇನ್ನೊಂದು ಉದ್ದೇಶದ ಹೊರಗಿನದು. ಜೀವ ಉಳಿಸಿಕೊಳ್ಳುವುದು ಉದ್ದೇಶ. ದಾಳಿಕೋರ ಸತ್ತರೆ ಅದು ಉದ್ದೇಶದ ಹೊರಗೆ ಬಿದ್ದದ್ದು. ಅದಕ್ಕೆ ಒಂದು ಷರತ್ತನ್ನೂ ಅವನು ಕಟ್ಟಿದ. ಬಳಸಿದ ಬಲ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು, ಮೀರಿದರೆ ಆ ಕೆಲಸ ಅಧರ್ಮ. ಕೊಲ್ಲುವುದನ್ನೇ ಉದ್ದೇಶಿಸುವ ಅಧಿಕಾರವನ್ನು ಸಮುದಾಯದ ಹಿತಕ್ಕಾಗಿ ರಾಜ್ಯಾಧಿಕಾರವುಳ್ಳವರಿಗೆ ಮಾತ್ರ ಅವನು ಕೊಡುತ್ತಾನೆ. ಇಂದಿನ ಪೊಲೀಸರು ಆ ಅಧಿಕಾರವನ್ನು ಬಾಯಿಬಿಟ್ಟು ಕೇಳುವುದಿಲ್ಲ. ಮನೆಯೊಡೆಯನ ಮಾತನ್ನೇ ಆಡುತ್ತಾರೆ, ಅವನದೇ ಕಾಡತೂಸನ್ನೂ ತುಂಬುತ್ತಾರೆ.

ತರ್ಕ ತೊಡಕಿಗೆ ಬೀಳುವುದು ಶರೀರದ ಮುಂದೆ. ಮಿಯಾಮಿ ಘಟನೆಯ ನಂತರ ಎಫ್‌ಬಿಐಗಾಗಿ ಯೂರಿ ಪ್ಯಾಟ್ರಿಕ್ ಬರೆದ 1989ರ ವರದಿ ಈ ವಿಷಯವನ್ನು ನಿರ್ಭಾವದಿಂದ ಹೇಳುತ್ತದೆ. ಮಿದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ಬಿದ್ದ ಪೆಟ್ಟೊಂದೇ ಮನುಷ್ಯನನ್ನು ಖಚಿತವಾಗಿ ಆ ಕ್ಷಣಕ್ಕೆ ನಿಲ್ಲಿಸಬಲ್ಲದು. ಉಳಿದ ಕಡೆ ಪೆಟ್ಟು ಬಿದ್ದರೆ ರಕ್ತ ಸೋರಿ ಬೀಳುವ ತನಕ ಕಾಯಬೇಕು. ಹೃದಯ ಛಿದ್ರವಾದರೂ ಮಿದುಳಲ್ಲಿ ಉಳಿದ ಆಮ್ಲಜನಕ ಹತ್ತು ಹದಿನೈದು ಸೆಕೆಂಡು ಕೈಕಾಲು ಆಡಿಸಲು ಸಾಕು. ಅಂದರೆ ಖಚಿತವಾಗಿ ನಿಲ್ಲಿಸುವ ಗಾಯಗಳೆಲ್ಲ ಬಹುಮಟ್ಟಿಗೆ ಕೊಲ್ಲುವ ಗಾಯಗಳೇ. ಸಾವು ಉದ್ದೇಶದ ಹೊರಗಿನದು ಎಂದು ಹೇಳುತ್ತಲೇ, ಸಾವು ಬರುವ ಜಾಗಕ್ಕೇ ಗುರಿಯಿಡಬೇಕು. ಅಕ್ವಿನಾಸನ ಪರ ವಾದಿಸುವವರು ಇಲ್ಲೊಂದು ಪರೀಕ್ಷೆ ಒಡ್ಡುತ್ತಾರೆ: ಬಿದ್ದವನು ಅಕಸ್ಮಾತ್ ಬದುಕಿದರೆ ಹಾರಿಸಿದವನ ಕೆಲಸ ಕೆಟ್ಟಿತೇ? ಕೆಡಲಿಲ್ಲ ಎನ್ನುವವನ ಉದ್ದೇಶ ಶುದ್ಧ. ಬಿದ್ದವನ ಮೇಲೆ ಮತ್ತೊಂದು ಗುಂಡು ಹಾರಿಸುವವನದು ಅಲ್ಲ. ಈ ಪರೀಕ್ಷೆ ಗುಂಡು ಹಾರುವ ಗಳಿಗೆಗೆ ಸರಿಯಾಗಿಯೇ ಒಪ್ಪುತ್ತದೆ. ಕಾಡತೂಸನ್ನು ಆರಿಸುವ ಗಳಿಗೆಗೆ ಒಪ್ಪುತ್ತದೆಯೇ ಎಂಬುದು ಬೇರೆ ಮಾತು.

ಆ ಗಳಿಗೆಯ ಬಗ್ಗೆ ನೀತಿಶಾಸ್ತ್ರದ ಪುಸ್ತಕಗಳು ಹೆಚ್ಚು ಮಾತಾಡಿಲ್ಲ. ಮೇಲೆತ್ತಿದ ಚಾಕುವಿನ ಎದುರು ನಿಂತವನಿಂದ ಸಾವಧಾನದ ವಿಚಾರವನ್ನು ನಿರೀಕ್ಷಿಸಲಾಗದು ಎಂದು ಅಮೆರಿಕದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ 1921ರ ತೀರ್ಪೊಂದರಲ್ಲಿ ಹೇಳಿದ್ದರು. ಆತ್ಮರಕ್ಷಣೆಯ ಕಾನೂನಿಗೆ ಇದು ಇಂದಿಗೂ ಆಧಾರ. ಆದರೆ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು 9 ಮಿ.ಮೀ.ಯೋ .40ಯೋ ಎಂದು ತೂಗಿನೋಡುವವನ ಮೇಲೆ ಯಾರೂ ಚಾಕು ಎತ್ತಿರುವುದಿಲ್ಲ. ಅವನಿಗೆ ಪುರುಸೊತ್ತಿದೆ, ಬಲ್ಲವರನ್ನು ಕೇಳಬಹುದು, ಬೇಡವೆಂದು ಹಿಂದಿರುಗಲೂಬಹುದು. ಆತ್ಮರಕ್ಷಣೆಯ ಇಡೀ ಕ್ರಿಯೆಯಲ್ಲಿ ಶಾಂತಚಿತ್ತದಿಂದ ನಡೆಯುವ ಭಾಗಗಳು ಎರಡೇ: ಯಾವ ಗುಂಡು ಎಂಬ ಆಯ್ಕೆ, ಮತ್ತು ಅದರ ಅಭ್ಯಾಸ. ಗಾಬರಿ ಎಂಬ ಕ್ಷಮೆ ಇಲ್ಲಿ ಸಲ್ಲುವುದಿಲ್ಲವಾದ್ದರಿಂದ ‘ತಕ್ಕಷ್ಟೇ ಬಲ’ ಎಂಬ ಷರತ್ತು ನಿಜವಾದ ಭಾರದಿಂದ ಕೂರುವುದು ಇಲ್ಲಿಯೇ. ಹಾಗೆ ನೋಡಿದರೆ ಹರಟೆಯಂತೆ ಕಾಣುವ ಕ್ಯಾಲಿಬರ್ (ಗುಂಡಿನ ಅಡ್ಡಳತೆ) ಜಗಳ ನೈತಿಕ ವಿಚಾರಣೆಗೆ ತಕ್ಕ ವೇದಿಕೆ. ಅದನ್ನು ಆಡುವವರು ಹಾಗೆ ಭಾವಿಸುವುದು ಅಪರೂಪ ಅಷ್ಟೇ.

ಅರಿಸ್ಟಾಟಲ್ ಈ ವಿಚಾರಣೆಗೆ ಅಕ್ವಿನಾಸನಿಗಿಂತ ಹೆಚ್ಚು ನೆರವಾಗುತ್ತಾನೆ. ಸದ್ಗುಣ ಎರಡು ಅತಿಗಳ ನಡುವಿನದು ಎಂಬ ಅವನ ಮಾತು ಎಲ್ಲರಿಗೂ ಗೊತ್ತು. ಅವನು ಜೊತೆಗೇ ಕೊಟ್ಟ ಎಚ್ಚರಿಕೆ ಅಷ್ಟು ಗೊತ್ತಿಲ್ಲ. ನಡು ಎಂಬುದರಲ್ಲಿ ಎರಡು ಬಗೆ. ಎರಡಕ್ಕೂ ಹತ್ತಕ್ಕೂ ನಡು ಆರು: ಇದು ಗಣಿತದ್ದು, ಎಲ್ಲರಿಗೂ ಒಂದೇ. ಆದರೆ ಹತ್ತು ಪಾಲು ಊಟ ಹೆಚ್ಚು, ಎರಡು ಕಡಿಮೆ ಎಂದಮಾತ್ರಕ್ಕೆ ಗುರು ಎಲ್ಲರಿಗೂ ಆರನ್ನೇ ಬಡಿಸುವುದಿಲ್ಲ. ಮಿಲೋನಂಥ ಜಟ್ಟಿಗೆ ಅದು ಸಾಲದು, ಗರಡಿಗೆ ಈಗಷ್ಟೇ ಬಂದವನಿಗೆ ಅಜೀರ್ಣ. ಸದ್ಗುಣದ ನಡು ಈ ಎರಡನೆಯ ಬಗೆಯದು, ವ್ಯಕ್ತಿಗೂ ಸಂದರ್ಭಕ್ಕೂ ತಕ್ಕದ್ದು. .40ರ ಮೇಲಿನ ಮೋಹದಲ್ಲಿ ಒಂದಿಷ್ಟು ಪಾಲು ಗಣಿತದ ನಡುವನ್ನು ನೀತಿಯ ನಡು ಎಂದು ತಿಳಿದದ್ದರಿಂದ ಬಂದದ್ದು. ಎರಡು ಸಂಖ್ಯೆಗಳ ನಡುವೆ ಕುಳಿತದ್ದೆಲ್ಲ ಹದವಾಗುವುದಿಲ್ಲ.

ಈ ಹದ ಹೇಗೆ ಸರಿದಾಡುತ್ತದೆ ಎಂಬುದಕ್ಕೆ ಅದೇ ಕಾಡತೂಸಿನ ಚರಿತ್ರೆ ಸಾಕ್ಷಿ. 1994ರಿಂದ 2004ರವರೆಗೆ ಅಮೆರಿಕದ ಕೇಂದ್ರ ಕಾನೂನು ನಾಗರಿಕರಿಗೆ ಹೊಸ ಮ್ಯಾಗಝೀನುಗಳನ್ನು ಹತ್ತು ಗುಂಡಿಗೆ ಮಿತಿಗೊಳಿಸಿತ್ತು. ಹೇಗೂ ಹತ್ತೇ ಎಂದಾದ ಮೇಲೆ ಆ ಹತ್ತೂ ದಪ್ಪಗಿರಲಿ ಎಂದು ಹಲವರಿಗೆ ಅನ್ನಿಸಿತು. ಮಿತಿ ಹೋದಾಗ ಆ ಕಾರಣವೂ ಸಡಿಲವಾಯಿತು. ಅಷ್ಟರಲ್ಲಿ 9 ಮಿ.ಮೀ. ಗುಂಡುಗಳ ತಯಾರಿಕೆ ಸುಧಾರಿಸಿತ್ತು. ಜೆಲ್ಲಿಯ ಅಚ್ಚಿನ ಮೇಲಿನ ಪರೀಕ್ಷೆಯಲ್ಲಿ ಎಫ್‌ಬಿಐ ಬೇಡುವ 12ರಿಂದ 18 ಇಂಚಿನ ಆಳವನ್ನು ಮೂರೂ ಗಾತ್ರದ ಗುಂಡುಗಳು ಮುಟ್ಟುತ್ತಿದ್ದವು. 2014ರಲ್ಲಿ ಸಂಸ್ಥೆಯ ತರಬೇತಿ ವಿಭಾಗವೇ 9 ಮಿ.ಮೀ.ಗೆ ಮರಳುವ ಪರವಾಗಿ ಬರೆಯಿತು. ಅದರ ಕಾರಣಗಳಲ್ಲಿ ನೀತಿಗೆ ಮುಖ್ಯವಾದದ್ದು ಒಂದು: ನಿಜವಾದ ಕಾಳಗದಲ್ಲಿ ಪೊಲೀಸರ ಗುಂಡುಗಳು ಬಹುಪಾಲು ಗುರಿ ತಪ್ಪುತ್ತವೆ, ಮತ್ತು ಒದೆತ ಕಡಿಮೆಯಿದ್ದಷ್ಟೂ ತಪ್ಪುವುದು ಕಡಿಮೆ. ತಪ್ಪಿದ ಗುಂಡು ಗಾಳಿಯಲ್ಲಿ ಕರಗುವುದಿಲ್ಲ. ಗೋಡೆಯಾಚೆ ಮಗುವೊಂದು ಮಲಗಿರಬಹುದು. ದಾಳಿಕೋರನಿಗೆ ಎಷ್ಟು ಬಲ ಸಾಕು ಎಂಬ ಲೆಕ್ಕದಲ್ಲಿ ದಾಳಿಯಲ್ಲಿ ಪಾಲಿಲ್ಲದ ಮೂರನೆಯವನು ಬಂದು ನಿಂತ ಕೂಡಲೇ ದೊಡ್ಡ ಗುಂಡಿನ ಪರವಾದ ವಾದ ಅರ್ಧ ಸೊರಗುತ್ತದೆ.

ಗುಂಡಿನ ಮೂತಿಯ ಕಥೆಯಲ್ಲಿ ಭಾರತವೂ ಇದೆ. 1890ರ ದಶಕದಲ್ಲಿ ವಾಯವ್ಯ ಗಡಿಯ ಯುದ್ಧಗಳಲ್ಲಿ ತಮ್ಮ ಗುಂಡು ತೂರಿಹೋದರೂ ಬುಡಕಟ್ಟಿನವರು ಬೀಳುತ್ತಿಲ್ಲವೆಂದು ಬ್ರಿಟಿಷರು ದೂರಿದರು. ಕಲ್ಕತ್ತಾ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ, ಮೈಯೊಳಗೆ ಹೊಕ್ಕು ಅರಳಿಕೊಳ್ಳುವ ಗುಂಡು ತಯಾರಾಯಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡನ್ನು ನಿಷೇಧಿಸಿತು. ಇದೇ ದೂರು ಕೆಲವು ವರ್ಷಗಳಲ್ಲಿ ಫಿಲಿಪ್ಪೀನ್ಸಿನ ಮೋರೋ ಹೋರಾಟಗಾರರ ಬಗ್ಗೆ ಅಮೆರಿಕನ್ನರ ಬಾಯಲ್ಲಿ ಕೇಳಿತು. 1904ರಲ್ಲಿ ಶಿಕಾಗೋದ ಕಸಾಯಿ ದೊಡ್ಡಿಗಳಲ್ಲಿ ದನಗಳ ಮೇಲೆ ಪರೀಕ್ಷೆ ನಡೆದು .45ರ ಶಿಫಾರಸು ಬಂತು. ‘ಗುಂಡು ತಿಂದರೂ ಬೀಳದವನು’ ಎಂಬ ಚಿತ್ರ ಎರಡು ಕಡೆಯೂ ವಸಾಹತಿನ ಯುದ್ಧದಿಂದಲೇ ಎದ್ದದ್ದು ಗಮನಾರ್ಹ. ಇಂದು ವಿಚಿತ್ರವೆಂದರೆ, ಸೈನಿಕನ ಮೇಲೆ ಹಾರಿಸಬಾರದೆಂದು ಘೋಷಣೆ ಹೇಳುವ ಅರಳುವ ಗುಂಡನ್ನೇ ಪೊಲೀಸರೂ ಮನೆಯವರೂ ಬಳಸುತ್ತಾರೆ. ಮೈಯೊಳಗೇ ನಿಲ್ಲುವುದರಿಂದ ಹಿಂದಿರುವವರಿಗೆ ಅಪಾಯ ಕಡಿಮೆ ಎಂಬ ಸಮರ್ಥನೆ ಪೊಳ್ಳಲ್ಲ. ಆದರೂ ಅದು ಒಬ್ಬನ ನೋವನ್ನು ಹೆಚ್ಚಿಸಿ ಇನ್ನೊಬ್ಬನ ಅಪಾಯ ತಗ್ಗಿಸುವ ವ್ಯವಹಾರ.

ಶಾಂತವಾಗಿದ್ದಾಗ ಮಾಡುವ ಆಯ್ಕೆಯನ್ನು ಹೆಚ್ಚು ಕಟ್ಟುನಿಟ್ಟಾಗಿ ತೂಗಿದ್ದು ಜೈನ ಆಚಾರಶಾಸ್ತ್ರ. ಹಿಂಸೆಯನ್ನು ಅದು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ವಿಂಗಡಿಸುತ್ತದೆ. ಅಡುಗೆ, ಕಸಬು, ಆತ್ಮರಕ್ಷಣೆಗಳಲ್ಲಿ ಆಗುವ ಮೊದಲ ಮೂರು ಗೃಹಸ್ಥನಿಗೆ ಪೂರ್ತಿ ತಪ್ಪಿಸಿಕೊಳ್ಳಲಾಗದವು. ಮನಸ್ಸಿಟ್ಟು ಮಾಡುವ ನಾಲ್ಕನೆಯದನ್ನು ಅವನು ಬಿಡಲೇಬೇಕು. ದಾಳಿಕೋರನ ಮೇಲೆ ಹಾರಿದ ಗುಂಡು ವಿರೋಧಿ ಹಿಂಸೆ. ಯಾವ ಗಾಯ ಎಷ್ಟು ಅಗಲ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದ್ದರಲ್ಲಿ ಸಂಕಲ್ಪದ ಪಾಲೇನೂ ಇಲ್ಲವೇ? ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅನರ್ಥದಂಡಗಳಲ್ಲಿ, ಎಂದರೆ ಪ್ರಯೋಜನವಿಲ್ಲದ ಪಾಪಗಳಲ್ಲಿ, ಆಯುಧ ಕೊಡುವ ಹಿಂಸಾದಾನವನ್ನೂ ಪರರ ಕೇಡನ್ನು ಚಿಂತಿಸುವ ಅಪಧ್ಯಾನವನ್ನೂ ಎಣಿಸುತ್ತದೆ. ಕ್ಯಾಲಿಬರ್ ಜಗಳದ ದೊಡ್ಡ ಭಾಗ ಈ ಎರಡನೆಯ ಹೆಸರಿಗೆ ಅರ್ಹ. ಭರತ–ಬಾಹುಬಲಿಯರ ಕಥೆಯಲ್ಲಿ ಮಂತ್ರಿಗಳು ಸೇನೆಗಳನ್ನು ಬದಿಗಿರಿಸಿ ದೃಷ್ಟಿ, ಜಲ, ಮಲ್ಲ ಯುದ್ಧಗಳಿಗೆ ಅಣ್ಣತಮ್ಮಂದಿರನ್ನು ಒಪ್ಪಿಸಿದ್ದೂ ಕೈಮಿಲಾಯಿಸುವ ಮೊದಲೇ ಬಲದ ಅಳತೆ ಗೊತ್ತುಮಾಡಿದ ಕ್ರಮ. ಇದಕ್ಕೆ ಪಿಸ್ತೂಲು ಮಾಲೀಕ ಕೊಡಬಹುದಾದ ಉತ್ತರವೂ ಗಟ್ಟಿಯಾದದ್ದೇ: ಮೊದಲೇ ಯೋಚಿಸದವನೇ ಪ್ರಮಾದಿ, ಬೇಕಾದದ್ದಕ್ಕಿಂತ ಹೆಚ್ಚು ಗುಂಡು ಹಾರಿಸಿ ಹೆಚ್ಚು ಕೇಡು ಮಾಡುವವನೂ ಅವನೇ.

ಭಾರತದಲ್ಲಿ ಈ ಆಯ್ಕೆ ನಾಗರಿಕನ ಕೈಯಲ್ಲಿ ಹೆಚ್ಚಾಗಿ ಉಳಿದಿಲ್ಲ. ಶಸ್ತ್ರ ಕಾನೂನಿನ ಪ್ರಕಾರ 9 ಮಿ.ಮೀ. ಸಾಮಾನ್ಯರಿಗೆ ನಿಷಿದ್ಧ, ಪರವಾನಗಿ ಪಡೆದವರ ಬಳಿ ಹೆಚ್ಚಾಗಿ ಕಾಣುವುದು ಸರ್ಕಾರಿ ಕಾರ್ಖಾನೆಗಳ .32 ರಿವಾಲ್ವರ್, ಪಿಸ್ತೂಲುಗಳು. ಅಮೆರಿಕದ ವಾದಿಗಳ ಲೆಕ್ಕದಲ್ಲಿ ಇದು ಚರ್ಚೆಗೇ ಬಾರದಷ್ಟು ಚಿಕ್ಕದು. ಬಲದ ಮಿತಿಯನ್ನು ಹೇಳುವ ಕಾನೂನು ಮಾತ್ರ ಗುಂಡಿನ ಗಾತ್ರವನ್ನು ಕೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಂ, ಹಿಂದಿನ ದಂಡ ಸಂಹಿತೆಯ 99ನೆಯ ಕಲಮಿನಂತೆಯೇ, ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿಗೆ ಖಾಸಗಿ ರಕ್ಷಣೆಯ ಹಕ್ಕು ವಿಸ್ತರಿಸುವುದಿಲ್ಲ ಎನ್ನುತ್ತದೆ. ಕೈಯಲ್ಲಿದ್ದದ್ದು .32 ಆಗಿರಲಿ, ಕತ್ತಿಯಾಗಿರಲಿ, ದೊಣ್ಣೆಯಾಗಿರಲಿ, ವಿಚಾರಣೆಯಲ್ಲಿ ತೂಗುವುದು ಆ ಅಗತ್ಯವನ್ನೇ.