‘ಹೋದರು’ ಎಂದರೆ ಎಲ್ಲಿಗೆ?

ನಮ್ಮ ಭಾಷೆಯಲ್ಲಿ ಸಾವಿಗೆ ಇರುವಷ್ಟು ಬದಲಿ ಮಾತುಗಳು ಬೇರೆ ಯಾವುದಕ್ಕಾದರೂ ಇವೆಯೋ ಇಲ್ಲವೋ. ‘ಸತ್ತರು’ ಎನ್ನಲು ನಾಲಿಗೆ ಹಿಂಜರಿಯುತ್ತದೆ. ಅದಕ್ಕೇ ‘ಹೋದರು’ ಎನ್ನುತ್ತೇವೆ, ‘ತೀರಿಕೊಂಡರು’ ಎನ್ನುತ್ತೇವೆ. ಹಿರಿಯರಾದರೆ ‘ಕಾಲವಾದರು’, ‘ದೈವಾಧೀನರಾದರು’. ಲಿಂಗಾಯತರ ಮನೆಯಲ್ಲಿ ‘ಲಿಂಗೈಕ್ಯರಾದರು’. ಇಷ್ಟು ವರ್ಷ ಕನ್ನಡ ಪಾಠ ಹೇಳಿದ್ದರಿಂದ ಶಬ್ದಗಳನ್ನು ಬಿಡಿಸಿ ನೋಡುವ ಚಟ ನನಗೆ. ‘ಹೋದರು’ ಎನ್ನುವವರು, ಹೋದವರು ಎಲ್ಲೋ ಒಂದು ಕಡೆ ಇದ್ದಾರೆ ಎಂದು ಒಪ್ಪಿಕೊಂಡಂತೆಯೇ ಆಯಿತು. ‘ತೀರಿಕೊಂಡರು’ ಎನ್ನುವವರ ಲೆಕ್ಕದಲ್ಲಿ ಎಣ್ಣೆ ತೀರಿತು, ದೀಪ ಆರಿತು, ಅಷ್ಟೆ. ನಾವೋ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತೇವೆ. ಆಚೆಮನೆಯ ಅಜ್ಜ ತೀರಿಕೊಂಡರು ಎಂದು ಸುದ್ದಿ ಮುಟ್ಟಿಸಿದವರೇ, ಪುಣ್ಯಾತ್ಮ, ಸುಖವಾಗಿ ಹೋದ ಎಂದು ನಿಟ್ಟುಸಿರು ಬಿಡುತ್ತಾರೆ.

ಈಚೆಗೆ ನಮ್ಮ ಮಹಿಳಾ ಮಂಡಲದ ಗೆಳತಿಯರ ಮೊಬೈಲುಗಳಲ್ಲಿ ‘ಸತ್ತು ಬದುಕಿ ಬಂದವರ’ ವಿಡಿಯೋಗಳು ಓಡಾಡುತ್ತಿವೆ. ಕತ್ತಲ ಸುರಂಗ, ತುದಿಯಲ್ಲಿ ಬೆಳಕು, ಹಿಂದೆ ಸಂಗೀತ. ಕಳಿಸಿದವರು ಕೆಳಗೆ ಒಂದು ಪ್ರಶ್ನೆಯನ್ನೂ ಹಾಕುತ್ತಾರೆ: “ಟೀಚರ್, ಇದು ನಿಜವಾ?” ಟೀಚರಾದವಳಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಊರಿನಲ್ಲಿ ಇನ್ನೂ ಉಳಿದಿದೆ, ನೋಡಿ. ಒಂದು ಸಾಲಿನಲ್ಲಿ ಉತ್ತರಿಸುವಂಥ ಪ್ರಶ್ನೆಯಲ್ಲ ಅದು. ಕಠೋಪನಿಷತ್ತಿನ ನಚಿಕೇತ ಇದನ್ನೇ ಕೇಳಿದಾಗ ಸ್ವತಃ ಯಮನೇ, ಇದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೇಳು ಎಂದು ಜಾರಿಕೊಳ್ಳಲು ನೋಡುತ್ತಾನೆ. ಅಂಥ ಕಡೆ ನಾನ್ಯಾವ ಲೆಕ್ಕ?

ಉತ್ತರಗಳಿಗಂತೂ ನಮ್ಮ ಸೀಮೆಯಲ್ಲಿ ಬರವಿಲ್ಲ. ಸಿರಸಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಸೋಂದಾ ಸಿಗುತ್ತದೆ. ಒಂದು ಕಾಲಕ್ಕೆ ಅರಸರ ರಾಜಧಾನಿ, ಈಗ ಅಡಿಕೆ ತೋಟಗಳ ನಡುವಿನ ಹಳ್ಳಿ. ಅಲ್ಲಿ ವಾದಿರಾಜರ ಮಠವಿದೆ. 1600ರಲ್ಲಿ ಅವರು ಜೀವಂತವಾಗಿಯೇ ಬೃಂದಾವನ ಪ್ರವೇಶಿಸಿದರು, ಇಂದಿಗೂ ಅಲ್ಲಿ ಎಚ್ಚರವಾಗಿಯೇ ಇದ್ದಾರೆ ಎಂದು ಭಕ್ತರು ನಂಬುತ್ತಾರೆ. ಮಧ್ವರ ಮತದಲ್ಲಿ ಜೀವ ಎಂದಿಗೂ ಜೀವವೇ. ಮೋಕ್ಷದಲ್ಲಿಯೂ ಅದು ದೇವರಿಂದ ಬೇರೆಯಾಗಿಯೇ ಉಳಿಯುತ್ತದೆ. ಅದೇ ಸೀಮೆಯಲ್ಲಿ ಶಂಕರರ ಪರಂಪರೆಯ ಸ್ವರ್ಣವಲ್ಲಿ ಮಠವಿದೆ. ಅಲ್ಲಿಯ ಉಪದೇಶದ ಪ್ರಕಾರ ಅರಿವು ಎಂಬುದು ಹುಟ್ಟಿದ್ದೇ ಇಲ್ಲ, ಇನ್ನು ಸಾಯುವುದೆಲ್ಲಿಂದ ಬಂತು? ಹತ್ತಿರದಲ್ಲೇ ಸ್ವಾದಿಯ ಜೈನ ಮಠ. ಜೈನರ ಪ್ರಕಾರ ಜೀವ ಒಂದು ದೇಹ ಬಿಟ್ಟ ಕೂಡಲೇ ಇನ್ನೊಂದನ್ನು ಹಿಡಿಯುತ್ತದೆ. ನಡುವೆ ಪ್ರೇತವಾಗಿ ಅಲೆಯುವುದು, ಪಿಂಡಕ್ಕೆ ಕಾಯುವುದು ಯಾವುದೂ ಇಲ್ಲ. ಒಂದೇ ಹೊಳೆಯ ನೀರು ಕುಡಿಯುವ ಮೂರು ಮಠಗಳು, ಮೂರು ಉತ್ತರಗಳು. ಶತಮಾನಗಳಿಂದ ವಾದ ಮಾಡುತ್ತಲೇ ಅಕ್ಕಪಕ್ಕದಲ್ಲಿ ಬದುಕಿವೆ.

ಈಗ ‘ಹೋಗಿ ಬಂದವರ’ ಸಾಕ್ಷ್ಯಕ್ಕೆ ಬರೋಣ. 1975ರಲ್ಲಿ ಅಮೆರಿಕದ ರೇಮಂಡ್ ಮೂಡಿ ಇಂಥವರ ಮಾತುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದ ಮೇಲೆ ಜಗತ್ತಿನಲ್ಲೆಲ್ಲ ಈ ಚರ್ಚೆ ಜೋರಾಯಿತು. ನಮ್ಮಲ್ಲಿಯೂ ಒಬ್ಬ ಹೆಣ್ಣುಮಗಳು ಈ ಕೆಲಸ ಮಾಡಿದ್ದಾರೆಂಬುದು ಬಹಳ ಜನಕ್ಕೆ ತಿಳಿಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಡಾ. ಸತ್ವಂತ್ ಪಸ್ರಿಚಾ ಅವರು ಇಯಾನ್ ಸ್ಟೀವನ್ಸನ್ ಜೊತೆ ಸೇರಿ ಉತ್ತರ ಭಾರತದ 16 ಪ್ರಕರಣಗಳನ್ನು ಪರಿಶೀಲಿಸಿ 1986ರಲ್ಲಿ ಪ್ರಕಟಿಸಿದರು. ಮುಂದೆ ನಮ್ಮ ಚನ್ನಪಟ್ಟಣದ ಕಡೆಯ ಹಳ್ಳಿಗಳಲ್ಲಿಯೂ ವಿಚಾರಿಸಿ 1993ರಲ್ಲಿ ಬರೆದರು. ಉತ್ತರದ ಆ ಪ್ರಕರಣಗಳು ಓದಲು ಬಲು ಸ್ವಾರಸ್ಯವಾಗಿವೆ. ಅಮೆರಿಕದವರು ತಮ್ಮ ದೇಹವನ್ನು ತಾವೇ ಮೇಲಿನಿಂದ ನೋಡುತ್ತಾರೆ, ಸತ್ತ ಬಂಧುಗಳನ್ನು ಕಾಣುತ್ತಾರೆ. ನಮ್ಮವರನ್ನು ದೂತರು ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಒಬ್ಬ ದಪ್ಪ ಪುಸ್ತಕ ಬಿಚ್ಚಿ ನೋಡಿ, ಈತನಲ್ಲ, ತಪ್ಪಾಗಿದೆ, ವಾಪಸು ಬಿಡಿ ಎನ್ನುತ್ತಾನೆ. ಒಂದು ಪ್ರಕರಣದಲ್ಲಂತೂ ಕರೆದದ್ದು ಕುಂಬಾರನನ್ನು, ದೂತರು ಎಳೆದು ತಂದದ್ದು ಅದೇ ಹೆಸರಿನ ವ್ಯಾಪಾರಿಯನ್ನು! ತರಗತಿಯಲ್ಲಿ ಒಂದೇ ಹೆಸರಿನ ಮೂವರು ಹುಡುಗಿಯರಿದ್ದಾಗ ಹಾಜರಿ ಕರೆಯುವ ಕಷ್ಟ ನನಗೆ ಗೊತ್ತು. ಚಿತ್ರಗುಪ್ತನ ಮೇಲೆ ಸಿಟ್ಟು ಬರಲಿಲ್ಲ.

ನಕ್ಕು ಬಿಡಬಹುದು. ಆದರೆ ಅವರು ಯಾರೂ ಸುಳ್ಳು ಹೇಳಿದವರೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಏನೋ ಆಗಿದೆ. ಆದದ್ದನ್ನು ಹೇಳುವಾಗ ಚಿಕ್ಕಂದಿನಿಂದ ಕೇಳಿದ ಕಥೆಯ ಪಾತ್ರಗಳು ಬಂದು ಕೂತಿವೆ. ನಮ್ಮ ಕಡೆಯವರಿಗೆ ಹಾಗಾದರೆ ಯಮ ಬರುವುದು ಯಕ್ಷಗಾನದ ಬಣ್ಣದ ವೇಷದಲ್ಲೇ, ಚಂಡೆಯ ಹೊಡೆತಕ್ಕೇ ಇರಬೇಕು. ನನಗೆ ಮುಖ್ಯವೆನಿಸುವುದು ಬೇರೆಯದೇ ಒಂದು ಮಾತು. ಹಿಂದಿರುಗಿ ಬಂದವರು ಸತ್ತಿರಲಿಲ್ಲ. ಸತ್ತಿದ್ದರೆ ಬರುತ್ತಿರಲಿಲ್ಲ. ಅಘನಾಶಿನಿಯ ನೀರಿಗೆ ಮೊಳಕಾಲಿನವರೆಗೆ ಇಳಿದು ಹತ್ತಿದವಳು ಆಚೆ ದಡದ ಸುದ್ದಿ ಹೇಳಲಾರಳು. ಅವಳಿಗೆ ಗೊತ್ತಿರುವುದು ನೀರಿನ ತಂಪು, ಸೆಳವು, ಕಾಲಡಿಯ ಕಲ್ಲು. ಅದೂ ಸಣ್ಣ ಸುದ್ದಿಯಲ್ಲ.

ವೈದ್ಯರು ಹುಡುಕಿರುವುದೂ ಈ ನೀರಿನಲ್ಲೇ. ಹಾಲೆಂಡಿನ ಹತ್ತು ಆಸ್ಪತ್ರೆಗಳಲ್ಲಿ ಹೃದಯ ನಿಂತು ಮತ್ತೆ ಬದುಕಿದ 344 ಜನರನ್ನು ಪಿಮ್ ಫಾನ್ ಲೊಮೆಲ್ ತಂಡದವರು ವಿಚಾರಿಸಿ 2001ರಲ್ಲಿ ಬರೆದರು. ಏನಾದರೂ ನೆನಪಿದೆ ಎಂದವರು 62 ಮಂದಿ. ಎಲ್ಲರ ಹೃದಯವೂ ನಿಂತಿತ್ತಲ್ಲ, ಉಳಿದವರಿಗೇಕೆ ಏನೂ ಕಾಣಲಿಲ್ಲ? ಸ್ಯಾಮ್ ಪರ್ನಿಯಾ ಎಂಬ ವೈದ್ಯರು ಇನ್ನೊಂದು ಉಪಾಯ ಮಾಡಿದರು. ಆಸ್ಪತ್ರೆಯ ಕೋಣೆಗಳಲ್ಲಿ ಸೂರಿನ ಹತ್ತಿರ ಹಲಗೆ ಹೊಡೆಸಿ, ಮೇಲಿನಿಂದ ನೋಡಿದವರಿಗೆ ಮಾತ್ರ ಕಾಣುವಂತೆ ಚಿತ್ರಗಳನ್ನು ಇಟ್ಟರು. 15 ಆಸ್ಪತ್ರೆ, 2060 ಹೃದಯಸ್ತಂಭನಗಳು. 2014ರಲ್ಲಿ ಫಲಿತಾಂಶ ಬಂದಾಗ ಚಿತ್ರ ಕಂಡೆ ಎಂದವರು ಒಬ್ಬರೂ ಇರಲಿಲ್ಲ. ನೋಡಿದ್ದು, ಕೇಳಿದ್ದು ನೆನಪಿದೆ ಎಂದವರು ಇಬ್ಬರಿದ್ದರು. ಅವರ ಹೃದಯ ನಿಂತದ್ದು ಹಲಗೆಯೇ ಇಲ್ಲದ ಕೋಣೆಯಲ್ಲಿ. ಮಿಷಿಗನ್ನಿನಲ್ಲಿ ಜಿಮೋ ಬೋರ್ಜಿಗಿನ್ ಎಂಬಾಕೆ ಸಾಯುತ್ತಿರುವ ಇಲಿಗಳ ಮೆದುಳಿನಲ್ಲಿ ಹೃದಯ ನಿಂತ ಮೇಲೆ ಅರ್ಧ ನಿಮಿಷ ವಿದ್ಯುತ್ತಿನ ಅಲೆ ಉಕ್ಕುವುದನ್ನು 2013ರಲ್ಲಿ ತೋರಿಸಿದರು. ಆರುವ ದೀಪ ಒಮ್ಮೆ ದೊಡ್ಡದಾಗಿ ಉರಿಯುತ್ತದಲ್ಲ, ಹಾಗೆ. 2023ರಲ್ಲಿ ನಾಲ್ವರು ಮನುಷ್ಯರ ದಾಖಲೆಗಳಲ್ಲಿ ಹುಡುಕಿದಾಗ ಇಬ್ಬರಲ್ಲಿ ಅಂಥ ಅಲೆ ಕಂಡಿತು. ಆದರೆ ನಾಲ್ವರೂ ಸತ್ತರು. ಆ ಬೆಳಕಿನಲ್ಲಿ ಏನು ಕಂಡರೆಂದು ಹೇಳಲು ಯಾರೂ ಉಳಿಯಲಿಲ್ಲ.

ದೂರದ ಊರಿನ ಮಾತೇಕೆ, ನಮ್ಮ ಜಿಲ್ಲೆಯಲ್ಲೇ ಈ ಪ್ರಶ್ನೆಯನ್ನು ದಿನನಿತ್ಯದ ಸಂಗತಿಯಂತೆ ಎದುರಿಸುವ ಜನರಿದ್ದಾರೆ. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿಯನ್ನರ ವಸಾಹತು ಆರಂಭವಾಯಿತು. ಡ್ರೆಪುಂಗ್, ಗಾಂದೆನ್ ಎಂಬ ಅವರ ಹಳೆಯ ಮಹಾಮಠಗಳು ಇಲ್ಲಿ ಮರುಹುಟ್ಟು ಪಡೆದವು. ಯಲ್ಲಾಪುರದ ಶಾಲೆಯಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹುಡುಗಿಯರಿಗೆ ಬಂಗಾರದ ಬಣ್ಣದ ಬುದ್ಧ, ಸ್ವೆಟರ್ ಅಂಗಡಿ, ಮೊಮೊ. ನನಗೆ ಆ ವಿಶಾಲ ಸಭಾಂಗಣದ ಮೌನ. ಅಲ್ಲಿಯ ಸಾಧಕರಲ್ಲಿ ‘ಥುಕ್‌ದಮ್’ ಎಂಬ ಒಂದು ಸ್ಥಿತಿಯ ಮಾತಿದೆ. ಉಸಿರು ನಿಂತು ಹೃದಯವೂ ನಿಂತ ಮೇಲೆ ಸೂಕ್ಷ್ಮವಾದ ಅರಿವೊಂದು ಎದೆಯಲ್ಲಿ ಧ್ಯಾನದಲ್ಲಿ ಉಳಿದಿರುತ್ತದಂತೆ. ಅಷ್ಟು ದಿನವೂ ದೇಹ ಕೊಳೆಯುವುದಿಲ್ಲ, ಮುಖ ಕಂದುವುದಿಲ್ಲ, ಎದೆಯ ಬಳಿ ಬಿಸುಪಿರುತ್ತದೆ ಎನ್ನುತ್ತಾರೆ. ಗೆಲುಗ್ ಪಂಥದ 100ನೆಯ ಗಾಂದೆನ್ ತ್ರಿಪಾ ಆಗಿದ್ದ ಲೊಬ್ಸಂಗ್ ನೀಮಾ ಅವರು 2008ರಲ್ಲಿ ಮುಂಡಗೋಡದ ಡ್ರೆಪುಂಗ್ ಲೊಸೆಲಿಂಗ್ ಮಠದಲ್ಲಿ ದೇಹ ಬಿಟ್ಟಾಗ 18 ದಿನ ಹೀಗಿದ್ದರೆಂದು ಮಠದವರು ಹೇಳಿದ್ದಾರೆ. ನಮ್ಮ ಕಡೆಯ ತೇವದ ಹವೆಯಲ್ಲಿ ಹದಿನೆಂಟು ದಿನ! ನಿನ್ನೆಯ ಅನ್ನ ಇವತ್ತು ಬೆಳಿಗ್ಗೆಗೆ ಹಳಸುವ ಹವೆ ನಮ್ಮದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಟಿಬೆಟಿಯನ್ ವೈದ್ಯರನ್ನೂ ಭಿಕ್ಷುಗಳನ್ನೂ ಜೊತೆಗಿಟ್ಟುಕೊಂಡು ಭಾರತದಲ್ಲೇ ಇದನ್ನು ಪರೀಕ್ಷಿಸಿದರು. ಥುಕ್‌ದಮ್‌ನಲ್ಲಿದ್ದಾರೆ ಎನ್ನಲಾದ 13 ಜನರ ತಲೆಗೆ ತಂತಿ ಜೋಡಿಸಿ, ಕಿವಿಯ ಬಳಿ ಒಂದೇ ಬಗೆಯ ಸದ್ದನ್ನು ಮತ್ತೆ ಮತ್ತೆ ಕೇಳಿಸಿ, ನಡುವೆ ಒಮ್ಮೆ ಬೇರೆ ಸದ್ದು ಹಾಕಿ, ಮೆದುಳು ಬೆಚ್ಚುತ್ತದೆಯೇ ಎಂದು ನೋಡಿದರು. 2021ರಲ್ಲಿ ಪ್ರಕಟವಾದ ಉತ್ತರ: ಯಾರಲ್ಲಿಯೂ ಯಾವ ಅಲೆಯೂ ಇಲ್ಲ. ಆದರೆ ಯಂತ್ರ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಸಾವು ಸಂಭವಿಸಿ ಒಂದು ದಿನಕ್ಕಿಂತ ಹೆಚ್ಚು ಕಳೆದಿರುತ್ತಿತ್ತು. ನಂಬುವವರು, ಅರಿವು ಮೆದುಳಿನಲ್ಲಿದೆ ಎಂದು ನಾವು ಹೇಳಿಯೇ ಇಲ್ಲವಲ್ಲ ಎನ್ನಬಹುದು. ನಂಬದವರು, ಇನ್ನೇನು ಬೇಕು ಎನ್ನಬಹುದು. ನನ್ನನ್ನು ಕೇಳಿದರೆ, ಅಲೆ ಇಲ್ಲದ ಮೆದುಳಿನಲ್ಲಿ ಅರಿವು ಇರಲಾರದೆಂದೇ ಬುದ್ಧಿ ಹೇಳುತ್ತದೆ. ಆದರೆ ಆ ಕೋಣೆಯಲ್ಲಿ ಅವರು ನಡೆದುಕೊಳ್ಳುವ ರೀತಿ ನನಗೆ ಹಿಡಿಸಿತು. ಯಾರೂ ದೇಹವನ್ನು ಮುಟ್ಟುವುದಿಲ್ಲ, ಅಳುವುದಿಲ್ಲ, ಅಲ್ಲಿ ಲೋಕಾಭಿರಾಮ ಮಾತಾಡುವುದಿಲ್ಲ. ಒಳಗೆ ಒಬ್ಬರು ಇದ್ದಾರೆ ಎಂದುಕೊಂಡೇ ಹೊರಗಿನವರ ನಡೆ.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ನನ್ನ ಅತ್ತೆಯ ವಿಷಯ ಹೇಳುತ್ತೇನೆ. 1996ರ ಆಷಾಢ, ಸಿದ್ದಾಪುರ ತಾಲೂಕಿನ ಹಳ್ಳಿ. ಮೂರು ದಿನದಿಂದ ಹಿಡಿದ ಮಳೆ, ಸಂಕ ಕೊಚ್ಚಿಹೋಗಿ ಪೇಟೆಯ ದಾರಿ ಬಂದ್. ಅತ್ತೆಗೆ ವಿಷಮಶೀತ ಜ್ವರ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ತಣ್ಣಗಾದವು. ನಾಡಿ ನೋಡಿದ ಹಿರಿಯರು ತಲೆ ಅಲ್ಲಾಡಿಸಿದರು. ಚಾವಡಿಯಲ್ಲಿ ದರ್ಭೆ ಹಾಸಿ ಕೆಳಗೆ ಮಲಗಿಸಿದರು, ಬಾಯಿಗೆ ತುಳಸಿ ನೀರು ಬಿಟ್ಟರು. ನಾನು ಹೊಸ ಸೊಸೆ, ಕಾಲ ಬಳಿ ಕೂತು ಪಾದ ಉಜ್ಜುತ್ತಿದ್ದೆ. ಬಂದವರು ಸುತ್ತ ನಿಂತು ಮಾತಾಡುತ್ತಿದ್ದರು: ಹಸಿ ಕಟ್ಟಿಗೆ ಉರಿಯುತ್ತದೆಯೇ, ಯಾರು ಯಾರಿಗೆ ಹೇಳಿ ಕಳಿಸಬೇಕು. ಹತ್ತಿರದ ಸಂಬಂಧಿಯೊಬ್ಬರು ಇನ್ನೊಬ್ಬರ ಕಿವಿಯಲ್ಲಿ, ಕೊರಳಿನ ಗುಂಡಿನ ಸರ ಈಗಲೇ ತೆಗೆದಿಡುವುದು ಒಳ್ಳೆಯದು, ಆಮೇಲೆ ಯಾರ ಪಾಲಾಗುತ್ತದೋ ಎಂದರು. ಕಿವಿಯಲ್ಲಿ ಎಂದೆ, ನನಗೂ ಕೇಳಿಸಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಕಾಲು ಎಳೆದುಕೊಂಡರು.

ಅವರು ಆಮೇಲೆ ಹದಿಮೂರು ವರ್ಷ ಬದುಕಿದರು. ಊರವರು ಯಮಲೋಕದ ಸುದ್ದಿ ಕೇಳಿದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದರು. ಒಂದು ಚಳಿಗಾಲದ ರಾತ್ರಿ ಅಡಿಕೆ ಸುಲಿಯುತ್ತ ಇಬ್ಬರೇ ಉಳಿದಾಗ ನನ್ನೊಡನೆ ಹೇಳಿದರು: “ಬೆಳಕೂ ಇಲ್ಲೆ, ಯಮನೂ ಇಲ್ಲೆ. ಯಂಗೆ ಎಲ್ಲಾ ಕೇಳ್ತಿತ್ತೇ ಕೂಸೇ.” ಮಳೆಯ ಸದ್ದು, ಕಟ್ಟಿಗೆಯ ಮಾತು, ಸರದ ಮಾತು. ಕಣ್ಣು ಬಿಡಲು, ನಾಲಿಗೆ ಎತ್ತಲು ಆಗದು, ಕಿವಿ ಮಾತ್ರ ಮುಚ್ಚದು. ಯಾರೋ ಕಾಲು ಉಜ್ಜುತ್ತಿದ್ದಾರೆ ಎಂಬುದೊಂದು ಗೊತ್ತಾಗುತ್ತಿತ್ತಂತೆ, ಯಾರೆಂದು ತಿಳಿಯಲಿಲ್ಲವಂತೆ. ಆ ವರ್ಷದ ದೀಪಾವಳಿಗೇ ಗುಂಡಿನ ಸರವನ್ನು ಆ ಸಂಬಂಧಿಗೆ ಕೊಟ್ಟುಬಿಟ್ಟಿದ್ದರು. ಎಲ್ಲರೂ ಅದನ್ನು ಔದಾರ್ಯ ಎಂದುಕೊಂಡಿದ್ದೆವು. ಹಾಕಿಕೊಂಡಾಗಲೆಲ್ಲ ಆ ಮಾತೇ ಕೇಳುತ್ತಿತ್ತು, ಅದಕ್ಕೇ ಕೊಟ್ಟೆ ಎಂದರು.

ಅತ್ತೆ ಸತ್ತು ಬದುಕಿದವರಲ್ಲ. ಎಲ್ಲರೂ ಅವರನ್ನು ಸತ್ತಂತೆ ಎಂದುಕೊಂಡಾಗ ಬದುಕಿದ್ದವರು. ಅವರ ಮಾತು ಒಬ್ಬಳು ಹಳ್ಳಿ ಹೆಂಗಸಿನ ಭ್ರಮೆಯಲ್ಲ ಎನ್ನಲು ಈಗ ಒಂದಿಷ್ಟು ಆಧಾರವೂ ಇದೆ. ಕೆನಡಾದ ವ್ಯಾಂಕೂವರಿನ ಆರೈಕೆ ಕೇಂದ್ರವೊಂದರಲ್ಲಿ ಕೊನೆಯ ಗಳಿಗೆಯಲ್ಲಿದ್ದ, ಕರೆದರೂ ಓಗೊಡದ ರೋಗಿಗಳ ಮೆದುಳು ಸದ್ದಿಗೆ ಸ್ಪಂದಿಸುತ್ತದೆಯೇ ಎಂದು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಕೆಲವರ ಮೆದುಳು ಆರೋಗ್ಯವಂತರ ಮೆದುಳಿನ ಹಾಗೆಯೇ ಸ್ಪಂದಿಸಿತ್ತು. ಅರ್ಥವಾಗುತ್ತಿತ್ತೇ ಇಲ್ಲವೇ ಎಂದು ಯಂತ್ರ ಹೇಳಲಾರದು. ಕಿವಿಯ ಬಾಗಿಲು ತೆರೆದಿತ್ತು, ಅಷ್ಟು ನಿಜ.

ಮೂರು ಮಠಗಳ ವಾದ ಇನ್ನೂ ನಾನೂರು ವರ್ಷ ನಡೆಯಲಿ. ಪರಲೋಕ ಇದೆಯೋ ಇಲ್ಲವೋ, ಚಾವಡಿಯಂತೂ ಇದೆ. ಕೊನೆಯ ತಾಸಿನಲ್ಲಿ ಅಲ್ಲಿ ಕೂರುವವರು ಹೆಚ್ಚಾಗಿ ನಾವು ಹೆಂಗಸರೇ. ಅಲ್ಲಿ ಏನು ಮಾತಾಡಬೇಕು, ಯಾವ ಮಾತು ಹೊರಗೆ ಅಂಗಳದಲ್ಲಿ ಆಗಬೇಕು ಎಂದು ನಿರ್ಧರಿಸಲು ನಮಗೆ ಯಾವ ಯಂತ್ರವೂ ಬೇಕಿಲ್ಲ. 2009ರಲ್ಲಿ ಅತ್ತೆ ನಿಜಕ್ಕೂ ಹೋಗುವಾಗ ನಾನು ಅವರ ಕಿವಿಯ ಹತ್ತಿರ ಕೂತು, ಕಾಲು ಉಜ್ಜುತ್ತಿದ್ದವಳು ನಾನೇ ಎಂದು ಹೇಳಿದೆ. ಮೊದಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಡಿಕೆ ಸುಲಿಯುತ್ತಿದ್ದ ರಾತ್ರಿ ಅದು ಹೊಗಳಿಕೆ ಬೇಡಿದ ಹಾಗೆ ಆಗುತ್ತಿತ್ತು. ಆಮೇಲೆ ದನ ಕರು ಹಾಕಿದ್ದು, ಮೊಮ್ಮಗಳು ಪರೀಕ್ಷೆ ಪಾಸಾದದ್ದು, ಹೀಗೆ ಮನೆಯ ಸುದ್ದಿಯನ್ನೆಲ್ಲ ಹೇಳುತ್ತಾ ಹೋದೆ. ಪಕ್ಕದಲ್ಲಿದ್ದವರೊಬ್ಬರು, ಯಾರಿಗೆ ಹೇಳುತ್ತೀಯೇ, ಅವರು ಯಾವಾಗಲೋ ಹೋಗಿದ್ದಾರೆ ಎಂದರು. ಇರಬಹುದು; ಉಸಿರು ಯಾವಾಗ ನಿಂತಿತೆಂದು ನನಗೆ ತಿಳಿಯಲಿಲ್ಲ.

ಮೊನ್ನೆ ಮಗನಿಗೆ ಹೇಳಿದೆ, ನನ್ನ ಸರದಿ ಬಂದಾಗ ಕಿವಿಯಲ್ಲಿ ಗರುಡಪುರಾಣ ಓದಬೇಡ, ಅಡಿಕೆ ರೇಟು ಎಷ್ಟಾಯಿತು ಅಂತ ಹೇಳು. “ರೇಟು ಬಿದ್ದಿದ್ದರೆ?” ಎಂದ. ಬಿದ್ದಿದ್ದರೂ ಹೇಳು ಎಂದೆ.