ಬುಧ, ಬುದ್ಧ, ರಾಹು

ಥಾಯ್ ಬರಹದಲ್ಲಿ ಬುಧನೂ ಬುದ್ಧನೂ ಬೇರೆ ಬೇರೆ. ಬಾಯಿಗೆ ಬಂದರೆ ಇಬ್ಬರೂ ‘ಫುತ್’. ಉಕಾರವನ್ನು ಎಳೆದು ದನಿ ಇಳಿಸಿದಿರೋ, ಅದು ‘ಮಾತಾಡು’ ಎಂದಾಗುತ್ತದೆ. ಭೂತಕ್ಕೂ ಅದೇ ಉಚ್ಚಾರ.

ಬ್ಯಾಂಕಾಕಿನ ಒಂದು ವಾಟ್‌ನಲ್ಲಿ, ಅಂದರೆ ಬೌದ್ಧ ದೇಗುಲದಲ್ಲಿ, ವಾರದ ದಿನಗಳಿಗೆ ಸೇರಿದ ಬುದ್ಧಮೂರ್ತಿಗಳ ಸಾಲಿತ್ತು. ಹುಟ್ಟಿದ ವಾರ ನೋಡಿಕೊಂಡು ಕೈಮುಗಿಯುವುದು ಅಲ್ಲಿನ ರೂಢಿ: ಮಂಗಳವಾರದವರಿಗೆ ಮಲಗಿದ ಬುದ್ಧ, ಶನಿವಾರದವರಿಗೆ ನಾಗನ ಹೆಡೆಯಡಿ ಕೂತವನು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಹೂ ಮಾರುವಾಕೆಗೆ ‘ಬುಧವಾರ’ ಎಂದರು. ಆಕೆ ಎರಡು ಮೂರ್ತಿಗಳತ್ತ ಕೈತೋರಿ ಏನೋ ಕೇಳಿದಳು. ಇವರ ಕಿವಿಗೆ ಬಿದ್ದದ್ದು ಒಂದೇ ಪದ, ರಾಹು.

“ನನ್ನ ಜಾತಕ ಇವಳಿಗೆ ಹೇಗೆ ಗೊತ್ತಾಯ್ತು ಮಾರಾಯ್ರೆ? ರಾಹುದೆಸೆ ಮುಗಿದೇ ಹೋಯ್ತಲ್ಲ!”

ಆಕೆ ಕೇಳಿದ್ದು ಇಷ್ಟೇ: ಹುಟ್ಟಿದ್ದು ಹಗಲೋ, ರಾತ್ರಿಯೋ? ಬುಧವಾರದ ಹಗಲಿಗೆ ಭಿಕ್ಷಾಪಾತ್ರೆ ಹಿಡಿದ ಬುದ್ಧ. ರಾತ್ರಿ ರಾಹುವಿನದು, ಅದಕ್ಕೆ ಕಾಡಿನಲ್ಲಿ ಆನೆ, ಕೋತಿಗಳ ಉಪಚಾರ ಪಡೆಯುತ್ತಿರುವ ಬುದ್ಧ. ಹಿರಿಯರು ಹುಟ್ಟಿದ ಗಳಿಗೆ ನೆನಪಾಗದೆ ಎರಡಕ್ಕೂ ಹೂವಿಟ್ಟರು. ಖರ್ಚು ಜಾಸ್ತಿಯಾಯಿತೆಂದು ಗೊಣಗಿದರು ಕೂಡ.

ನಗು ನಿಂತ ಮೇಲೆ ಅನ್ನಿಸಿತು: ಪೂರಾ ಪರಕೀಯರ ನಡುವೆ ಹೀಗಾಗುವುದೇ ಇಲ್ಲ. ಅಲ್ಲಿ ಏನೂ ತಿಳಿಯುವುದಿಲ್ಲ, ಮುಗಿಯಿತು. ಇಂಥ ಎಡವಟ್ಟಿಗೆ ಅರ್ಧ ನೆಂಟಸ್ತಿಕೆಯಾದರೂ ಬೇಕು. ವಾಟ್ ಫೋ ದೇಗುಲದ ಅಧಿಕೃತ ಹೆಸರಿನಲ್ಲಿರುವ ‘ಚೇತುಫೊನ್’, ಶ್ರಾವಸ್ತಿಯ ಜೇತವನವೇ. ವಿಮಾನ ನಿಲ್ದಾಣವಂತೂ ಸುವರ್ಣಭೂಮಿ. ಅವರು ಅದನ್ನು ‘ಸುವನ್ನಫೂಮ್’ ಎನ್ನುವಾಗ ನಾವು ಬೋರ್ಡು ನೋಡುತ್ತ ತಲೆ ಕೆರೆದುಕೊಳ್ಳುತ್ತೇವೆ.

ಈ ಗೊಂದಲ ಬುದ್ಧನ ಮಾತಿನಲ್ಲೇ ಇದೆ. ವಿನಯಪಿಟಕದ ಚುಲ್ಲವಗ್ಗದಲ್ಲಿ ಬ್ರಾಹ್ಮಣ ಮೂಲದ ಇಬ್ಬರು ಭಿಕ್ಷು ಸೋದರರು ದೂರು ತರುತ್ತಾರೆ: ಕಂಡಕಂಡವರೆಲ್ಲ ತಮ್ಮ ತಮ್ಮ ಆಡುಮಾತಿನಲ್ಲಿ ನಿಮ್ಮ ನುಡಿ ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿಗೆ ಇಳಿಸುತ್ತೇವೆ. ಬುದ್ಧ ಒಪ್ಪಲಿಲ್ಲ. ‘ಸ್ವಂತ ಭಾಷೆ’ಯಲ್ಲೇ ಕಲಿಯಿರಿ ಎಂದ. ಯಾರ ಸ್ವಂತ? ಕಲಿಯುವವನದು ಎನ್ನುತ್ತಾರೆ ಇಂದಿನ ಅನೇಕ ವಿದ್ವಾಂಸರು. ಬುದ್ಧನದೇ, ಮಾಗಧಿ, ಎಂದು 5ನೇ ಶತಮಾನದಲ್ಲಿ ಬುದ್ಧಘೋಷ ವ್ಯಾಖ್ಯಾನ ಬರೆದ. ಭಾಷೆಯ ಬಗ್ಗೆ ಆಡಿದ ಮಾತೇ ಎರಡು ದಾರಿ ಹಿಡಿಯಿತು, ಚರ್ಚೆ ಇನ್ನೂ ಮುಗಿದಿಲ್ಲ.

ನನ್ನ ಒಲವು ಕಲಿಯುವವನ ಕಡೆಗೇ. ಆದರೆ ಬುದ್ಧಘೋಷನ ಪಕ್ಷ ಹಿಡಿದವರೂ ಪಾರಾಗಿಲ್ಲ. ಆ ಮಾಗಧಿಯೇ ಪಾಳಿ ಎಂದು ನಂಬಿ ಅದನ್ನೇ ಪಠಿಸುವ ಥಾಯ್ ಭಿಕ್ಷುವಿನ ಬಾಯಲ್ಲಿ ‘ಬುದ್ಧಂ’ ಎಂಬುದು ‘ಫುತ್ಥಂಗ್’ ಆಗುತ್ತದೆ, ಬರ್ಮಾದಲ್ಲಿ ಸಕಾರ ಥಕಾರದತ್ತ ಹೊರಳುತ್ತದೆ. ಒಂದಕ್ಷರ ಕೆಡದಂತೆ ಕಾಪಾಡಲು ಹೊರಟವರೂ ಬೆಳಗೂ ಬೈಗೂ ತಂತಮ್ಮ ನುಡಿಯಲ್ಲೇ ಅವನನ್ನು ಕರೆಯುತ್ತಿದ್ದಾರೆ.