ಮಾಳಿಗೆಯ ಕ್ಷೇಮ

ವೈಶಾಖದ ಉರಿಬಿಸಿಲಿನಲ್ಲಿ, ತಾಪವು 40 ಡಿಗ್ರಿಯನ್ನು ಮೀರಿ ಏರುವ ದಿನಗಳಲ್ಲಿ, ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯ ಹಳೆಯ ಮನೆಗಳಲ್ಲಿ ಹೊತ್ತು ಮುಳುಗಿತೆಂದರೆ ಚಾಪೆ ಕೌದಿಗಳೊಡನೆ ಮನೆಮಂದಿಯೆಲ್ಲ ಏಣಿಯೇರಿ ಸೇರುವ ಸ್ಥಳವು ಮಣ್ಣಿನ ಮಾಳಿಗೆ. ಹಗಲೆಲ್ಲ ತೊಗರಿ, ಮೆಣಸಿನಕಾಯಿ, ಸಂಡಿಗೆಗಳು ಒಣಗಿದ ಆ ನೆಲದ ಮೇಲೆಯೇ ಇರುಳಿನಲ್ಲಿ ಮಕ್ಕಳು ಚುಕ್ಕಿಗಳನ್ನೆಣಿಸುತ್ತ ನಿದ್ರೆಹೋಗುವರು. ಹಿರಿಯರು ಮಳೆಯ ಮಾತನ್ನಾಡುವರು. ಶಹಾಪುರದ ನಮ್ಮ ಮಾಳಿಗೆಯ ಮೇಲೆ ನಿಂತರೆ ಬುದ್ಧ ಮಲಗಿದ ಬೆಟ್ಟದ ರೇಖೆಯು ಬೆಳುದಿಂಗಳಿನಲ್ಲಿಯೂ ಗೋಚರಿಸುವುದು.

ಈ ಮಾಳಿಗೆಯ ರಚನೆಯಲ್ಲಿ ಒಂದು ವಿಶೇಷವಿದೆ. ಬೇವು ಜಾಲಿಗಳ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತಾಗಿ ಹೊಂದಿಸಿದ ಕಿರುಗಟ್ಟಿಗೆ, ಅದರ ಮೇಲೆ ತೊಗರಿಕಟ್ಟಿಗೆಯೋ ಸೊಪ್ಪೋ, ಬಳಿಕ ತುಳಿದು ಹದಗೊಳಿಸಿದ ಮಣ್ಣು, ಎಲ್ಲದರ ನೆತ್ತಿಯ ಮೇಲೆ ಸವುಳು ಮಣ್ಣಿನ ಹೊದಿಕೆ. ನಮ್ಮ ಹೊಲಗಳ ಎರೆಮಣ್ಣು ಜೋಳ ತೊಗರಿಗಳಿಗೆ ತಾಯಿಯಾದರೂ ಮಾಳಿಗೆಗೆ ಸಲ್ಲದು. ನೀರುಂಡು ಉಬ್ಬಿ, ಬಿಸಿಲಿಗೆ ಕುಗ್ಗಿ, ಕೈ ಹೋಗುವಷ್ಟು ಬಿರಿಯುವುದು ಅದರ ಸ್ವಭಾವ. ಯಾವ ಬೆಳೆಗೂ ಬಾರದೆ ಒಕ್ಕಲಿಗನಿಂದ ಹಳಿಸಿಕೊಳ್ಳುವ ಸವುಳು ಮಣ್ಣಾದರೋ, ತನ್ನೊಳಗಿನ ಕ್ಷಾರಗುಣದ ದೆಸೆಯಿಂದ, ನೀರು ಸೋಕಿದೊಡನೆ ಅದರ ಸೂಕ್ಷ್ಮಕಣಗಳು ಚದುರಿ ರಂಧ್ರಗಳಲ್ಲಿ ತುಂಬಿಕೊಂಡು ಮಳೆಯನ್ನು ಕೆಳಗಿಳಿಯಗೊಡದೆ ತಡೆಯುವುದು. ಹೊಲದಲ್ಲಿ ದೋಷವಾದುದೇ ಮಾಳಿಗೆಯಲ್ಲಿ ಗುಣವಾಯಿತು. ಆದರೆ ಆ ಸವುಳಿನ ಒಂದಂಶವು ಪ್ರತಿ ಮಳೆಗಾಲದಲ್ಲಿಯೂ ನೀರಿಳಿಯುವ ದೋಣಿಗಳಿಂದ ಹರಿದುಹೋಗುವುದಾದುದರಿಂದ, ಮೃಗಶಿರೆ ಕೂಡುವುದಕ್ಕೆ ಮುನ್ನ ಹುಲ್ಲನ್ನು ಬೇರುಸಹಿತ ಕಿತ್ತು, ಇಲಿಬಿಲಗಳನ್ನು ಹುಡುಕಿ ಮುಚ್ಚಿ, ಕುಂಬಿಯ ಬಿರುಕುಗಳನ್ನೂ ಬೆಳಕಿಂಡಿಯ ಅಂಚನ್ನೂ ಮೆತ್ತಿ, ದೋಣಿಯ ಕಡೆಗೆ ಇಳಿವಾಟ ಕೊಟ್ಟು, ಹೊಸ ಸವುಳನ್ನು ಹರಡಬೇಕು. ಮುಂದಿನ ವರ್ಷ ಇದೆಲ್ಲವೂ ಮತ್ತೆ ಮೊದಲಿನಿಂದ.

ಪ್ರತಿವರ್ಷವೂ ಮಾಡಿ ಪ್ರತಿವರ್ಷವೂ ಕಳೆದುಕೊಳ್ಳುವ ಈ ಕಾರ್ಯದಲ್ಲಿ ಪಾರಮಾರ್ಥಿಕವಾದುದೇನಾದರೂ ಉಂಟೆ ಎಂಬ ಪ್ರಶ್ನೆಯು ನನ್ನನ್ನು ಬಹುಕಾಲ ಬಾಧಿಸಿದೆ. ಶಾಸ್ತ್ರವು ಇಲ್ಲಿ ಸುಲಭವಾಗಿ ನೆರವಿಗೆ ಬಾರದು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ರಕ್ಷಿಸುವುದು ಕ್ಷೇಮ ಎಂದು ಭಾಷ್ಯಕಾರರು ಅರ್ಥಮಾಡುತ್ತಾರೆ. ಮಾಳಿಗೆಗೆ ಮಣ್ಣು ಹಾಕುವುದು ನಿಸ್ಸಂದೇಹವಾಗಿ ಕ್ಷೇಮದ ಕಾರ್ಯ. ಆದರೆ ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಪ್ರೇಯಸ್ಸುಗಳ ಭೇದವನ್ನು ಬೋಧಿಸುವಾಗ, ಯೋಗಕ್ಷೇಮಕ್ಕಾಗಿ ಪ್ರೇಯಸ್ಸನ್ನು ಆರಿಸಿಕೊಳ್ಳುವವನನ್ನು ಮಂದನೆಂದು ಕರೆಯುತ್ತಾನೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಯೋಗಕ್ಷೇಮಗಳ ಚಿಂತೆಯನ್ನು ಬಿಡಬೇಕೆಂದು ಹೇಳಿ, ಒಂಬತ್ತನೆಯ ಅಧ್ಯಾಯದಲ್ಲಿ ತನ್ನ ಅನನ್ಯ ಭಕ್ತರ ಯೋಗಕ್ಷೇಮವನ್ನು ತಾನೇ ಹೊರುವುದಾಗಿ ಭರವಸೆ ಕೊಡುತ್ತಾನೆ. ಹಾಗಾದರೆ ಏಣಿಯೇರಿ ಹುಲ್ಲು ಕೀಳುತ್ತಿರುವ ಗೃಹಸ್ಥನು ಮಂದನೋ? ಭಗವಂತನ ಭರವಸೆಯಲ್ಲಿ ಅವನಿಗೆ ನಂಬಿಕೆ ಸಾಲದೋ?

ನಾನು ಒಮ್ಮೆ ಈ ವೈರಾಗ್ಯದ ಮಾತುಗಳನ್ನೇ ನನ್ನ ಆಲಸ್ಯಕ್ಕೆ ಹೊದಿಕೆಯಾಗಿಸಿಕೊಂಡೆನು. ತಂದೆಯವರು ತೀರಿಕೊಂಡ ಬಳಿಕ ಉದ್ಯೋಗನಿಮಿತ್ತ ಕಲಬುರಗಿಯಲ್ಲಿದ್ದ ನಾನು, ಮಣ್ಣಿನ ಮನೆಯ ಮೇಲೆ ಅದೇಕೆ ಇಷ್ಟು ಮೋಹವೆಂದು ನನಗೆ ನಾನೇ ಹೇಳಿಕೊಂಡು, ಎರಡು ವರ್ಷ ಸವುಳು ಹಾಕಿಸಲಿಲ್ಲ. ಮೂರನೆಯ ವರ್ಷ ಬಂದು ನೋಡಿದರೆ ಮಾಳಿಗೆಯ ಮೇಲೆ ಬೇವಿನ ಸಸಿಯೊಂದು ಮೊಣಕಾಲುದ್ದ ಬೆಳೆದಿತ್ತು. ಅದರ ಬೇರಿನ ಹಾದಿ ಹಿಡಿದು ಇಳಿದ ನೀರು ಎರಡು ಜಂತಿಗಳನ್ನು ಕೊಳೆಸಿ, ತಂದೆಯವರ ಪೆಟ್ಟಿಗೆಯೊಳಗಿನ ಹಳೆಯ ಪುಸ್ತಕಗಳನ್ನು ಒಂದೇ ಮುದ್ದೆಯಾಗಿ ಮಾಡಿತ್ತು. ನಿತ್ಯಕರ್ಮವನ್ನು ಮಾಡಿದರೆ ಹೊಸ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವೆಂಬ ದೋಷವುಂಟು ಎಂಬ ಮೀಮಾಂಸಕರ ಒಂದು ಮತವನ್ನು ನಾನು ಓದಿ ಬಲ್ಲವನಾಗಿದ್ದೆನು. ಆ ದಿನ ಆ ಮುದ್ದೆಯನ್ನು ಕೈಯಲ್ಲಿ ಹಿಡಿದು ಅದರ ಅರ್ಥವನ್ನು ತಿಳಿದೆನು. ಸಂಧ್ಯಾವಂದನೆಯಿಂದ ಯಾರೂ ಸಿರಿವಂತರಾಗುವುದಿಲ್ಲ. ಸವುಳು ಹಾಕುವುದರಿಂದ ಮನೆಯು ಒಂದು ಗೇಣೂ ಬೆಳೆಯುವುದಿಲ್ಲ.

ಎದುರಿನ ಬೆಟ್ಟದಲ್ಲಿ ಜನರು ಕಾಣುವ ಬುದ್ಧನ ಅಂತಿಮೋಪದೇಶದಲ್ಲಿಯಾದರೂ, ಕೂಡಿದುದೆಲ್ಲ ಅಳಿಯುವುದೆಂಬ ಎಚ್ಚರಿಕೆಯ ಬೆನ್ನಿಗೇ ಅಪ್ರಮಾದದ ವಿಧಿಯು ಬರುವುದೆಂದು ಬೌದ್ಧಾಗಮವು ತಿಳಿಸುತ್ತದೆ. ನಶ್ವರವೆಂದು ಕೈಬಿಡುವವನಿಗೂ, ನಶ್ವರವಾದುದರಿಂದಲೇ ಎಚ್ಚತ್ತಿರುವವನಿಗೂ ಇರುವ ಅಂತರವು ಅಲ್ಪವಲ್ಲ.

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಇದು ಹೊಸ ಮಾತೆನಿಸದು. ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ದೀಪ ನೈವೇದ್ಯಗಳೊಡನೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು, ಅಂದರೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು, ಮೊದಲೇ ವ್ಯವಸ್ಥೆ ಮಾಡುವುದು ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ; ಕಟ್ಟಿದ ದಿನವೇ ಬಿರಿಯುವ ದಿನವನ್ನು ನೆನೆದ ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳಲ್ಲೊಂದಂತೂ ದಾನ ಪಾಲನೆಗಳನ್ನು ತೂಗಿನೋಡಿ ಪಾಲನೆಯೇ ಹೆಚ್ಚೆಂದು ನಿರ್ಣಯಿಸಿ, ಕೊಟ್ಟವನಿಗೆ ಸ್ವರ್ಗವನ್ನೂ ಕಾಪಾಡಿದವನಿಗೆ ಅಚ್ಯುತಪದವನ್ನೂ ವಿಧಿಸುತ್ತದೆ. ಶಹಾಪುರಕ್ಕೆ ಸಮೀಪದ ಶಿರವಾಳದಲ್ಲಿ ಶಿಥಿಲವಾಗಿ ನಿಂತಿರುವ ಪುರಾತನ ಗುಡಿಗಳ ನಡುವೆ ನಡೆದಾಡುವಾಗ ಈ ನಿರ್ಣಯದ ಗೌರವವು ಮನಸ್ಸಿಗೆ ತಟ್ಟುವುದು. ಕಟ್ಟುವವರಿಗೆ ಅಲ್ಲಿ ಕೊರತೆಯಿರಲಿಲ್ಲ.

ಆದರೂ ಯಮನ ಮಾತು ಸುಳ್ಳಲ್ಲ. ಕ್ಷೇಮವು ಯೋಗದ ಬಾಲ ಹಿಡಿದಾಗ, ನನ್ನದೆಂಬ ಭಾವದಿಂದ ಕಾಯುವಾಗ, ಅದು ಜಿಪುಣನ ಕಾವಲೇ ಸರಿ. ಸುರಪುರ ಸೀಮೆಯ ಮುದನೂರಿನವನಾದ ದೇವರ ದಾಸಿಮಯ್ಯನು, ಮಗ್ಗದ ಮುಂದೆ ಕುಳಿತು ದುಡಿದ ಆ ನೇಕಾರನು, ನೆಲವನ್ನೂ ಬೆಳೆಯನ್ನೂ ಗಾಳಿಯನ್ನೂ ಶಿವನ ದಾನವೆಂದು ಕಂಡವನು. ಆ ಕಣ್ಣಿನಿಂದ ನೋಡಿದರೆ ಮಾಳಿಗೆಯ ಸವುಳು ನನ್ನ ಸ್ವತ್ತಲ್ಲ, ನನ್ನ ವಶಕ್ಕೆ ಬಂದ ದಾನ. ದಾನದ ಪಾಲನೆಯೇ ಹೆಚ್ಚೆಂದು ಶಾಸನವು ಆಗಲೇ ಹೇಳಿದೆ. ಬಸವಣ್ಣನವರು ಸ್ಥಾವರ ಜಂಗಮಗಳ ಭೇದವನ್ನು ಕಾಣಿಸಿ ನಿಂತುದರ ನಶ್ವರತೆಯನ್ನು ಸಾರಿದರು. ಮಾಳಿಗೆಯು ನಿಂತುದೆಂದು ತೋರಿದರೂ, ವರ್ಷ ವರ್ಷವೂ ಅದರ ಮೇಲೆ ಸಂಚರಿಸುವ ಕೈಗಳನ್ನು ಎಣಿಸಿದರೆ, ಅಜ್ಜನ ಕೈಯಿಂದ ಅಪ್ಪನ ಕೈಗೆ ಹಾದುಬಂದ ಹದವನ್ನು ನೆನೆದರೆ, ಅದನ್ನು ಕೇವಲ ಸ್ಥಾವರವೆನ್ನಲು ನನ್ನ ನಾಲಗೆ ಏಳದು. ಮಣ್ಣೆತ್ತಿನ ಅಮಾವಾಸ್ಯೆಯಂದು ಇದೇ ಸೀಮೆಯ ಮನೆಗಳಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ಅವು ಉಳಿಯುವುದಿಲ್ಲವೆಂದು ಪೂಜೆ ನಿಂತಿಲ್ಲ.

ಕಳೆದ ವರ್ಷ ನಮ್ಮ ಮಾಳಿಗೆಗೆ ಮಣ್ಣು ಹಾಕಲು ಬಂದ ವೃದ್ಧರು, ಕಡೆಯ ಬುಟ್ಟಿಯನ್ನು ಸುರಿದು, ದೋಣಿಯ ಬಾಯಿಯವರೆಗೂ ಅಂಗೈಯಿಂದ ಸವರಿಕೊಂಡು ಬಂದು, “ಈ ವರ್ಷದ್ದು ಈ ವರ್ಷಕ್ಕ ಆಯ್ತ್ರಿ, ಮುಂದಿಂದು ಮುಂದ” ಎಂದು ಕೈ ತೊಳೆದುಕೊಂಡರು. ಮೂರನೆಯ ರಾತ್ರಿ ಮಳೆಯು ಭೋರೆಂದು ಸುರಿಯಿತು. ನಸುಕಿನಲ್ಲಿ ಎದ್ದು ನೋಡಿದಾಗ ದೋಣಿಯಿಂದ ಬೀಳುತ್ತಿದ್ದ ನೀರು ಮಣ್ಣಿನ ಬಣ್ಣವಾಗಿತ್ತು. ಹೊಸ ಸವುಳಿನಲ್ಲಿ ಒಂದಿಷ್ಟು ಆಗಲೇ ಹೊರಟಿತ್ತು. ಒಳಗೆ ಪಡಸಾಲೆಯಲ್ಲಿ ಮಲಗಿದ್ದ ಮೊಮ್ಮಕ್ಕಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.